ಮಾಲಿಂಗಪ್ಪನ ಹಟ್ಟಿ

ಮಾಲಿಂಗಪ್ಪ ಸುಳ್ಳು ಹೇಳುತ್ತಿದ್ದಾನೆ ಎಂಬುದು ಭೂಮಿ ಅಳೆಯಲು ಬಂದ ಮೋಜಣಿ ಕಾರಕೂನ ರಾವಸಾಹೇಬನಿಗೆ ಬಾವಿಯ ದಂಡೆಯಲ್ಲೇ ಗೊತ್ತಾಯಿತು. ಬಾವಿ ತೋಡಿದವನು ಏನು ಮರೆತರೂ ನೀರು ಎಷ್ಟು ಆಳಕ್ಕೆ ಬಂತೆಂಬುದನ್ನು ಮರೆಯುವುದಿಲ್ಲ. ಮಾಲಿಂಗಪ್ಪ ಬೆಳಿಗ್ಗೆ ಹನ್ನೆರಡು ಮೊಳ ಎಂದಿದ್ದ. ಬಿಸಿಲೇರುವಷ್ಟರಲ್ಲಿ ಅದು ಹದಿನೆಂಟಾಗಿತ್ತು.

ತುಕ್ಕಾನಟ್ಟಿಯ ಆಚೆಗಿನ ಕಲ್ಲುಭೂಮಿಯಲ್ಲಿ ಇಪ್ಪತ್ತು ಮನೆಗಳ ಕುರುಬರ ಹಟ್ಟಿ ಅದು. ಹದಿನೆಂಟು ವರ್ಷದ ಹಿಂದೆ ಪ್ಲೇಗಿಗೆ ಹೆದರಿ ಊರು ಬಿಟ್ಟವರು ನೀರು ಸಿಕ್ಕಿತೆಂದು ಇಲ್ಲೇ ಉಳಿದಿದ್ದರು. ಹಟ್ಟಿಗೆ ಹೆಸರಿರಲಿಲ್ಲ. ಈ ಸಲದ ನಕಾಶೆಯಲ್ಲಿ ಬರೆಯಬೇಕಿತ್ತು. ಮೊದಲು ನೀರು ತೆಗೆದವನ ಹೆಸರನ್ನೇ ಬರೆಯಬೇಕು, ಅದನ್ನು ಕಣ್ಣಾರೆ ಕಂಡವರೇ ಬಾಯಿಬಿಟ್ಟು ಹೇಳಬೇಕು. ರಾವಸಾಹೇಬ ನಡೆಸಿಕೊಂಡು ಬಂದ ರೀತಿ ಅದು. ಶಾಯಿ ಒಣಗಿ ನಕಾಶೆ ಪುಣೆಗೆ ಹೋಯಿತೆಂದರೆ ಆಮೇಲೆ ಯಾರೂ ತಿದ್ದುವಂತಿರಲಿಲ್ಲ.

“ಕೂಲಿಯಾಂವ ಒಬ್ಬ ಇದ್ದ ಖರೆ,” ಎಂದ ಮಾಲಿಂಗಪ್ಪ, ಮೀಸೆ ತೀಡುತ್ತ. “ಅಂಥಾವ್ರ ಹೆಸರ ಯಾರ ನೆನಪಿಡತಾರ್ರಿ ಸಾಹೇಬ್ರ?”

ಗಂಡಸರು ಕುರಿಗಳ ಹಿಂದೆ ಹೋಗಿದ್ದರು. ಮನೆ ಎಣಿಸುವುದು ಹೆಂಗಸರ ಬಾಯಿಂದಲೇ ಆಗಬೇಕಾಯಿತು.

“ಯಜಮಾನರ ಹೆಸರೇನವ್ವಾ?”

ಬಳೆಗಳು ಸದ್ದು ಮಾಡಿದವು. ಸೆರಗಿನೊಳಗೆ ನಗು. “ಏ ಗೌರವ್ವ, ನೀನ ಹೇಳ ಬೇ ನಮ್ಮವರ ಹೆಸರ.”

“ಹೇಳತೇನಿ. ನಾಳಿ ನನ್ನ ಪಾಳಿ ನೀರ ನೀ ಸೇದಬೇಕ ಮತ್ತ!”

ಇವಳ ಗಂಡನ ಹೆಸರನ್ನು ಅವಳು, ಅವಳ ಗಂಡನದನ್ನು ಇವಳು ಹೇಳಿ ಮನೆಗಳೆಲ್ಲ ಮುಗಿದವು. ಏಳುವಾಗ ಗೌರವ್ವ ದನಿ ತಗ್ಗಿಸಿದಳು.

“ಬಾವಿ ತೋಡಿದಾಂವ ಬ್ಯಾರೇನ ಇದ್ದನಂತ್ರಿ. ಒಳಗನ ಸತ್ತನಂತ. ಹಗ್ಗ ಮಾಲಿಂಗಪ್ಪನ ಕೈಯಾಗಿತ್ತಂತ.”

“ಹೆಸರು?”

“ನಾವು ಆಮ್ಯಾಲ ಬಂದವ್ರು. ಮೊದಲ ಬಂದವ್ರು ಮೂರ ಮಂದಿ. ಮಾಯವ್ವನ ಕೇಳ್ರಿ. ಆಕಿ...”

ಹಿಂದಿನಿಂದ ಮಾಲಿಂಗಪ್ಪ ಕೆಮ್ಮಿದ. ಗೌರವ್ವ ಕೊಡ ಎತ್ತಿಕೊಂಡು ಹೊರಟೇಹೋದಳು.

ಮಾಲಿಂಗಪ್ಪನ ಮನೆಯೊಳಗಿಂದ ಮಾಯವ್ವ ಬಂದಳು. ಮೊಣಕೈವರೆಗೆ ಜೋಳದ ಹಿಟ್ಟು, ಹುಬ್ಬಿನವರೆಗೆ ಸೆರಗು. ಮಜ್ಜಿಗೆಯ ಚರಿಗೆ ಇಟ್ಟದ್ದು ಕಿವಿಗೇ ಬೀಳಲಿಲ್ಲ. ಮನೆಯೊಡತಿ ಎಂದು ರಾವಸಾಹೇಬ ಎದ್ದು ನಿಂತು ಕೈಮುಗಿದ. ಆಮೇಲೆ ಅಳತೆಯ ಸರಪಳಿಯ ಒಂದು ತುದಿಯನ್ನು ಮಾಲಿಂಗಪ್ಪನ ಕೈಗೆ ಕೊಟ್ಟು ದೂರದ ಗಡಿಕಲ್ಲಿಗೆ ಕಳಿಸಿದ.

“ಈಗ ಹೇಳವ್ವಾ. ಈ ಬಾವಿ ತೋಡಿದವರು ಯಾರು?”

“ಮಾಲಿಂಗಪ್ಪ ಮ್ಯಾಲ ನಿಂತು ಹಗ್ಗ ಹಿಡದಿದ್ದ್ರಿ. ತೋಡಿದವ್ರು ಅವ್ರು.”

“ಅವ್ರು ಅಂದ್ರ ಯಾರು?”

ಮಾಯವ್ವ ನೀರು ಸೇದುತ್ತಿದ್ದ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದಳು. ಎಲ್ಲರನ್ನೂ ನೋಡಿಯಾದ ಮೇಲೆ ತಲೆ ತಗ್ಗಿಸಿದಳು.

“ಇವರ್ಯಾರಿಗೂ ಗೊತ್ತಿಲ್ಲರಿ.”

“ನಿನಗ ಗೊತ್ತೈತಲ್ಲ?”

“ಗೊತ್ತೈತ್ರಿ. ಮಾಲಿಂಗಪ್ಪನ ಕೇಳ್ರಿ. ಆಂವ ಹೇಳಬೇಕ.”

“ಆಂವ ಹೇಳಿದ್ರ ಹಟ್ಟಿ ಆತನ ಹೆಸರಿಗೆ ಬರೂದಿಲ್ಲ. ಯಾಕ ಹೇಳತಾನ? ನೀ ಒಂದ ಸಲ ಅಂದಬಿಡು. ನಾ ಬರದಬಿಡತೇನಿ.”

ಅವಳ ಕಣ್ಣು ಬಾವಿಯೊಳಗೆ ಇಳಿಯಿತು. “ಒಮ್ಮೆ ಅಂದಿದ್ದೆರಿ ಆ ಹೆಸರ. ಇಲ್ಲೇ ನಿಂತು. ಒರತಿ ಒಡದಿತ್ತು. ‘ನೀರ ಬಂತು, ಹೆಸರ ಹಿಡದ ಕರಿ’ ಅಂದ್ರು ತಳದಾಗಿಂದ. ಖುಷೀಲಿ ಕರದೆ. ಆಗನ ಕಲ್ಲ ಕುಸೀತ್ರಿ.”

ರಾವಸಾಹೇಬನಿಗೆ ಎಲ್ಲ ಸ್ಪಷ್ಟವಾದಂತಾಯಿತು. ಹಗ್ಗ ಹಿಡಿದವನು ಕೈಬಿಟ್ಟಿದ್ದಾನೆ. ಅದನ್ನು ನೋಡಿದವಳು ಬಾಯಿ ಬಿಗಿದುಕೊಂಡಿದ್ದಾಳೆ.

“ಹೆದರಿಕಿ ಏನವ್ವಾ?”

“ಮಾಲಿಂಗಪ್ಪಗ ಯಾಕ ಹೆದರ್ಲ್ರಿ? ಹದಿನೆಂಟ ವರ್ಷ ಆಂವನ ಮನ್ಯಾಗ ರೊಟ್ಟಿ ಸುಟ್ಟೇನಿ. ಆಂವ ಸುಳ್ಳ ಹೇಳಿದ್ರ ಆಂವನ ಪಾಪ ಆಂವಗ.” ಆಮೇಲೆ ಮೆಲ್ಲಗೆ ಕೇಳಿದಳು: “ನಕಾಶಿಗೆ ಬಂದ್ರ, ಸಾಹೇಬ್ರ, ಆ ಹೆಸರ ಕಾಯಂ ಇರತೈತೇನ್ರಿ?”

“ನಾವೆಲ್ಲ ಸತ್ತಮ್ಯಾಲೂ ಇರತೈತಿ. ಹೊತ್ತ ಮುಳುಗೂತನಕ ಕಾಯತೇನಿ.”

ಅವನು ಕಾದ. ಹೊತ್ತು ಇಳಿಯುವಾಗ ಮಾಯವ್ವ ಬಂದು ಬಾವಿಯ ದಂಡೆಗೆ ಕುಳಿತಳು. ತುಟಿಗಳು ಅಲುಗಿದವು. ರಾವಸಾಹೇಬ ಲೇಖನಿಯನ್ನು ಶಾಯಿಯಲ್ಲಿ ಅದ್ದಿ ಮುಂದೆ ಬಾಗಿದ. ಸ್ವರ ಹೊರಡಲಿಲ್ಲ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಎದ್ದು ನಡೆದಳು. ಲೇಖನಿಯ ತುದಿಯ ಶಾಯಿ ಆರಿತು.

ಮತ್ತೆ ಅದ್ದಿ ಅವನು ಬರೆದ: ಮಾಲಿಂಗಪ್ಪನ ಹಟ್ಟಿ. ಮರುದಿನ ತಾನೇ ಮೂಡಲಗಿಗೆ ಹೋಗಿ ನಕಾಶೆಯನ್ನು ಟಪಾಲಿಗೆ ಹಾಕಿದ.

ನಾಲ್ಕು ದಿನಗಳ ನಂತರ ಗೋಕಾಕದ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಅವನ ಸಿಟ್ಟು ಇಳಿದಿರಲಿಲ್ಲ. ಹೆಂಡತಿ ಲಕ್ಷ್ಮೀಬಾಯಿಗೆ ಎಲ್ಲವನ್ನೂ ಹೇಳಿದ. ನಕಾಶೆ ಇಷ್ಟೊತ್ತಿಗೆ ಪುಣೆ ಮುಟ್ಟಿರುತ್ತದೆ ಎಂದೂ ಹೇಳಿದ.

“ಖೊಟ್ಟಿ ಹೆಂಗಸು. ಸತ್ತಾಂವನ ಹೆಸರು ಇನ್ನ ಈ ಭೂಮಿಮ್ಯಾಲ ಎಲ್ಲೂ ಇಲ್ಲ. ಗಂಡನ ಹೆಸರು ಊರಿಗೆ ಬರಲಿ ಅಂತ ಆ ಬಡವನ ಹೆಸರ ನುಂಗಿಬಿಟ್ಟಳು.”

ಬಡಿಸುತ್ತಿದ್ದ ಲಕ್ಷ್ಮೀಬಾಯಿಯ ಕೈ ನಿಂತಿತು. “ಏನ್ರೀ, ‘ಮಾಲಿಂಗಪ್ಪ’ ಅಂತ ಆಕಿ ತನ್ನ ಬಾಯಿಲೇ ಅಂದಳೇನು?”

“ಅಂದಳಲ್ಲ. ಮೂರ ಸಲ ಅಂದಳು.”

“ಹಂಗಾದ್ರ, ರೀ, ಆಕಿ ನುಂಗಿದ್ದು ತನ್ನ ಗಂಡನ ಹೆಸರು.”