ನಲವತ್ತು ಸಾವಿರ ಪಾಯಿಂಟು

ನವೀನ್‌ಕುಮಾರ್ ಸ್ನಾನಕ್ಕೆ ಹೋದದ್ದೇ ತಡ, ವೇದಾವತಿ ಗಂಡನ ಮೊಬೈಲ್ ಎತ್ತಿಕೊಂಡಳು. ಆಗಷ್ಟೇ ಅದರಲ್ಲಿ ವಿಮಾನ ಕಂಪನಿಯ ಮೆಸೇಜ್ ಮಿಂಚಿತ್ತು. ನಲವತ್ತು ಸಾವಿರ ಪಾಯಿಂಟು ಖರ್ಚು, ಅಂಡಮಾನಿಗೆ ಎರಡು ಟಿಕೆಟ್. ಒಂದು ಅವನದು. ಇನ್ನೊಂದು ಯಾರೋ ಶಶಿರೇಖಾಳದು.

ಪಾವಗಡದ ಸೋಲಾರ್ ಕಂಪನಿಯ ಕೆಲಸವೆಂದು ಅವನು ತಿಂಗಳಲ್ಲಿ ಹದಿನೈದು ದಿನ ವಿಮಾನ ಹತ್ತಿ ಊರೂರು ಸುತ್ತುತ್ತಿದ್ದ. ಹಾರಿದಷ್ಟೂ ಪಾಯಿಂಟು, ಪಾಯಿಂಟು ಕೂಡಿದರೆ ಬಿಟ್ಟಿ ಟಿಕೆಟ್. ಮದುವೆಯಾಗಿ ಮೂರು ವರ್ಷ ತುಂಬುವ ದಿನ ಇಬ್ಬರೂ ಅಂಡಮಾನಿನಲ್ಲಿರೋಣ ಎಂದವನು ಅವನೇ. ಕೊರಟಗೆರೆಯ ಶಾಲೆಯಲ್ಲಿ ಮೇಡಂ ಆಗಿದ್ದ ವೇದಾವತಿ ರಜೆ ಕೂಡ ಬರೆದುಕೊಟ್ಟಿದ್ದಳು. ನನ್ನ ಹೆಸರನ್ನೂ ಪಾಯಿಂಟಿನ ಖಾತೆಗೆ ಸೇರಿಸಿ ಎಂದಾಗಲೆಲ್ಲ, ಕಂಪನಿಯವರು ನಿಯಮ ಬದಲಿಸಿದ್ದಾರೆ ಎನ್ನುತ್ತಿದ್ದ.

ನಿಯಮವಂತೆ, ನಿಯಮ.

ಅವನು ಹೇಳಿದ್ದನ್ನೆಲ್ಲ ನಂಬಿದ್ದಳಲ್ಲ! ಗೊರವನಹಳ್ಳಿಯ ಲಕ್ಷ್ಮಿಯ ಎದುರು ತಾಳಿ ಕಟ್ಟುವಾಗ ಅವನ ಕಡೆಯಿಂದ ಒಬ್ಬ ಗೆಳೆಯ ಮಾತ್ರ ಬಂದಿದ್ದ. ಮನೆಯವರು ಒಪ್ಪಿಲ್ಲ, ಒಂದು ಮಗುವಾದರೆ ತಾವಾಗಿಯೇ ಬರುತ್ತಾರೆ ಎಂದಿದ್ದ. ಅದನ್ನೂ ನಂಬಿದಳು. ಅವಳ ತಾಯಿ ಪಟಾಲಮ್ಮ ಆಗಲೇ ಗೊಣಗಿದ್ದಳು: "ಗಂಡಿನ ಮನೆ ಹೊಸಿಲು ನೋಡ್ದಂಗೆ ಹೆಣ್ಣು ಹೆಂಗೆ ಕೊಡೋದು ಕಣಮ್ಮ?"

ಇರಲಿ. ಇಟ್ಟುಕೊಂಡವಳು ಇರುವ ತನಕ, ಕಟ್ಟಿಕೊಂಡವಳು ಕೊನೆಯ ತನಕ. ವೇದಾವತಿ ಕರಿಮಣಿಯನ್ನು ಮುಷ್ಟಿಯಲ್ಲಿ ಹಿಡಿದು, ಅದೇ ಮೊಬೈಲಿನಿಂದ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಳು. ಬಂದ ಓಟಿಪಿ ಹೇಳಿದಳು. ಕನ್ನಡದ ಹುಡುಗಿಯೇ ಸಿಕ್ಕಳು. ಶಶಿರೇಖಾ ಅನ್ನುವವಳು ನಮ್ಮ ಪಾಯಿಂಟು ಕದ್ದಿದ್ದಾಳೆ, ಅವಳ ಟಿಕೆಟ್ ರದ್ದು ಮಾಡಿ, ಅವಳ ಹೆಸರು ಎಲ್ಲಿದ್ದರೂ ಕಿತ್ತುಹಾಕಿ ಎಂದಳು.

ಅತ್ತ ಕೀಬೋರ್ಡಿನ ಸದ್ದು. ಇತ್ತ ಬಚ್ಚಲಲ್ಲಿ ನೀರಿನ ಸದ್ದು ನಿಂತಿತು.

"ಯಾರತ್ರ ಮಾತಾಡ್ತಿದ್ದೀಯ ವೇದಾ?" ನವೀನ್ ಒಳಗಿನಿಂದಲೇ ಕೇಳಿದ.

ಫೋನಿನ ಹುಡುಗಿ ತುಂಬ ಮರ್ಯಾದೆಯಿಂದ ಹೇಳಿದಳು: "ಕಳ್ಳತನ ಏನೂ ಆಗಿಲ್ಲ ಮೇಡಂ. ಸರ್ ಎಂಟು ವರ್ಷದ ಹಿಂದೆ, ಖಾತೆ ತೆರೆದ ದಿನಾನೇ ಶಶಿರೇಖಾ ಅವರ ಹೆಸರು ಸೇರಿಸಿದ್ದಾರೆ. ಹೆಂಡತಿ ಅಂತ. ಮದುವೆ ಸರ್ಟಿಫಿಕೇಟೂ ಕೊಟ್ಟಿದ್ದಾರೆ."

ಆಮೇಲೆ ಕೇಳಿದಳು: "ನೀವು ಸರ್‌ಗೆ ಏನಾಗಬೇಕು ಮೇಡಂ?"