ಕೆಮ್ಮಿಗೊಬ್ಬ ಸಾಕ್ಷಿ

"ಕೆಮ್ಮು ಶುರುವಾಗಿ ಎಷ್ಟು ವರ್ಷ ಆಯ್ತು?" ನರ್ಸ್ ಮೂರನೇ ಸಲ ಕೇಳಿದಳು.

"ಯಾವ ಕೆಮ್ಮು?" ಎಂದ ಬಡಗಿ, ಹಾಗಂದವನೇ ಮಂಚ ಅಲುಗುವಷ್ಟು ಕೆಮ್ಮಿದ.

ಭಂಡತನಕ್ಕೂ ಒಂದು ಮಿತಿ ಬೇಡವೇ! ವರ್ಷಕ್ಕೆ ಮೂರು ತಿಂಗಳಂತೆ ಎರಡು ವರ್ಷ ಬಿಡದೆ ಕಫದ ಕೆಮ್ಮು ಕಾಡಿದ್ದರೆ ಅದು ಕ್ರಾನಿಕ್ ಬ್ರಾಂಕೈಟಿಸ್ ಇರಬಹುದು. ಡಾಕ್ಟರಿಗೆ ಆ ಲೆಕ್ಕ ಬೇಕು. ಆದರೆ ಕೆಮ್ಮುವವನ ಹತ್ತಿರ ಅದು ಎಲ್ಲಿರುತ್ತದೆ? ಪಕ್ಕದಲ್ಲಿ ನಿದ್ದೆಗೆಟ್ಟವರನ್ನು ಕೇಳಬೇಕು.

"ಮನೇಲಿ ಯಾರಿದಾರೆ?"

"ಹೆಂಡತಿ ಇದ್ದಳು. ಸಿಗರೇಟು ಬೇಕೋ ನಾನು ಬೇಕೋ ಅಂದಳು. ನಾನು ಬೆಂಕಿಪೊಟ್ಟಣ ಹುಡುಕಿದೆ." ಅವನು ಗೋಡೆ ಕಡೆ ತಿರುಗಿಕೊಂಡ. "ಆರು ವರ್ಷ ಆಯ್ತು ಸಿಸ್ಟರ್. ಅವಳು ಹೋದ ಮೂರನೇ ದಿನಕ್ಕೇ ಸಿಗರೇಟು ಬಿಟ್ಟೆ. ಯಾವ ಮುಖ ಇಟ್ಕೊಂಡು ಹೇಳ್ಲಿ? ಒಂದ್ಸಲ ಅವಳ ದನಿ ಕೇಳಿದ್ರೆ ಸಾಕು ಅನ್ಸುತ್ತೆ."

ಅವಳ ಫೋನ್ ನಂಬರು ಮಾತ್ರ ಅವನಿಗೆ ಬಾಯಿಪಾಠವಿತ್ತು. ನರ್ಸ್ ಆ ನಂಬರಿಗೆ ಕರೆ ಮಾಡಿ, ಬರೆದುಕೊಳ್ಳಲು ಅನುಕೂಲವಾಗಲೆಂದು ಫೋನಿನ ಸ್ಪೀಕರ್ ಹಾಕಿ ಮಂಚದ ಮೇಲಿಟ್ಟಳು.

"ಆಸ್ಪತ್ರೆಯಿಂದ ನರ್ಸ್ ಮಾತಾಡ್ತಿರೋದು. ನಿಮ್ಮ ಯಜಮಾನರು ಮೊನ್ನೆಯಿಂದ ವಾರ್ಡಿನಲ್ಲಿದಾರೆ. ಗಾಬರಿ ಏನಿಲ್ಲ. ಅವರ ಕೆಮ್ಮಿನ ವಿಷಯ ಗೊತ್ತಾಗಬೇಕಿತ್ತು."

ಆ ಕಡೆ ದೊಡ್ಡದೊಂದು ಉಸಿರು. "ಅಬ್ಬಾ, ಅಲ್ಲಿದಾರಾ! ಚಳಿ ಬಂತು ಅಂದ್ರೆ ಮೂರು ತಿಂಗಳು ಬಿಡಲ್ಲ ಅದು. ಬೆಳಿಗ್ಗೆ ಎದ್ದಾಗ ಜಾಸ್ತಿ. ಹೋದ ವರ್ಷ ನಾಲ್ಕು ತಿಂಗಳು ಕೆಮ್ಮಿದ್ರು. ಈ ಸಲ ಹನ್ನೊಂದು ದಿನ ಜೋರಿತ್ತು. ಮೊನ್ನೆಯಿಂದ ಸದ್ದೇ ಇಲ್ಲ, ನನ್ನ ಜೀವ ಬಾಯಿಗೆ ಬಂದಿತ್ತು."

ನರ್ಸಿನ ಪೆನ್ನು ನಿಂತಿತು. "ನೀವು ಬಿಟ್ಟು ಹೋಗಿ ಆರು ವರ್ಷ ಅಂದ್ರು?"

"ಹೋಗಿದ್ದೆ. ಇರೋಕಾಗ್ಲಿಲ್ಲ. ಎರಡು ವರ್ಷದಿಂದ ಅವರ ಹಿಂದಿನ ಬೀದೀಲೇ ಬಾಡಿಗೆಗಿದೀನಿ. ಅಡುಗೆಮನೆ ಕಿಟಕಿ ತೆಗೆದ್ರೆ ಕೇಳ್ಸುತ್ತೆ. ದಮ್ಮಯ್ಯ, ಅವರಿಗೆ ಹೇಳಬೇಡಿ."

ಬಡಗಿ ಫೋನಿನ ಕಡೆ ಹೊರಳಿದ. "ಲೇ..." ಅಷ್ಟೇ. ಮುಂದಿನ ಮಾತಿನ ಬದಲು ಕೆಮ್ಮು ನುಗ್ಗಿತು, ಉಸಿರು ಸಿಕ್ಕಿಕೊಂಡಿತು. ನರ್ಸ್ ಅವನ ಬೆನ್ನಿಗೆ ಕೈ ಚಾಚುವಷ್ಟರಲ್ಲಿ ಫೋನೇ ಗದರಿತು.

"ರೀ! ಎದ್ದು ಕೂತ್ಕೊಳ್ಳಿ. ಮುಂದಕ್ಕೆ ಬಗ್ಗಿ. ಬಿಸಿ ಹಾಲು ಆರಿಸೋ ಹಾಗೆ ಬಾಯಲ್ಲಿ ನಿಧಾನ ಊದಿ. ನಿಧಾನ ಅಂದೆ!"

ಆರು ವರ್ಷ ಯಾರ ಮಾತೂ ಕೇಳದವನು ಎದ್ದು ಕೂತ, ಬಗ್ಗಿದ, ಊದಿದ. ಕೆನ್ನೆ ಒದ್ದೆಯಾಗಿತ್ತು. ಉಸಿರು ಹಿಡಿತಕ್ಕೆ ಬಂದಾಗ ನಾಚಿಕೆಯಾಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

"ತಡ್ಕೋಬೇಡಿ," ಎಂದಿತು ಆ ದನಿ. "ಕೆಮ್ಮಿ. ನಾನು ಕೇಳ್ತಾ ಇದೀನಿ."