ಹಂಚಿನ ಬೆನ್ನು

ನಲ್ಲಿಯ ನೀರು ಬಿದ್ದದ್ದೇ ತಡ, ಟಣ್ ಎಂದು ಸದ್ದಾಯಿತು. ವಿಜಯಶ್ರೀ ಬೆಚ್ಚಿ ನೋಡಿದರೆ ಅತ್ತೆಯ ದೋಸೆ ಹಂಚು ಎರಡು ಹೋಳಾಗಿ ಸಿಂಕಿನಲ್ಲಿ ಬಿದ್ದಿತ್ತು. ಕೆಳಗೆ ಆಫೀಸಿನ ಕ್ಯಾಬು ಹಾರ್ನ್ ಹೊಡೆಯುತ್ತಿತ್ತು. ಪಾತ್ರೆ ತೊಳೆಯದೆ ಹೋಗಬಾರದೆಂದು, ಒಲೆಯಿಂದ ಇಳಿಸಿದ ಹಂಚನ್ನು ಕಾದದ್ದು ಕಾದಂತೆಯೇ ನೀರಿಗೆ ಹಿಡಿದಿದ್ದಳು.

ಅದು ಬೀಡು ಕಬ್ಬಿಣದ ಹಂಚು. ಅತ್ತೆ ಶಿವದೇವಿ ಅದನ್ನು ಯಾರ ಕೈಗೂ ಕೊಟ್ಟವರಲ್ಲ. ತಾವೇ ಆರಲು ಬಿಟ್ಟು, ಒರೆಸಿ, ಎಣ್ಣೆ ಸವರಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಡುವರು. ಸಂಸಾರ ಹೂಡಲು ಹೈದರಾಬಾದಿಗೆ ಬಂದಾಗ ಅವರ ಅತ್ತೆ ಗದಿಗೆಮ್ಮ ಕೊಟ್ಟದ್ದಂತೆ. ಆ ಅಜ್ಜಿಯನ್ನು ನೋಡಲೆಂದೇ ಶಿವದೇವಿ ಈಗ ಬೀದರಿಗೆ ಹೋಗಿದ್ದರು. ಬರಲು ಇನ್ನು ಒಂಬತ್ತು ದಿನ.

ಬೆಸುಗೆಯವನು ಕೈಚೆಲ್ಲಿದ. ಪಾತ್ರೆ ಅಂಗಡಿಯವನು ನಾನ್‌ಸ್ಟಿಕ್ ತೋರಿಸಿದ. ಅವಳು ಒಪ್ಪದಿದ್ದಾಗ, ಬಾಲಾನಗರದ ಎರಕದವರನ್ನು ಕೇಳಿ ನೋಡಿ ಎಂದ. ಮರುದಿನ ಅರ್ಧ ದಿನ ರಜೆ ಹಾಕಿ, ಮಣಿಕೊಂಡದ ಮನೆಯಿಂದ ಆಟೋ ಹಿಡಿದು ಹೋದಳು. ಅಲ್ಲಿ ಮರಳಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದ ಮುದುಕ ಮೌನಪ್ಪ ಅವಳ ಹರಕುಮುರುಕು ತೆಲುಗು ಕೇಳಿ ನಕ್ಕುಬಿಟ್ಟರು.

"ಕನ್ನಡದಾಗೇ ಹೇಳವ್ವ, ನಾ ಯಾದಗಿರಿಯಾಂವ. ಆದ್ರ ಇದು ಹಂಚಿನ ಅಂಗಡಿ ಅಲ್ಲ. ನಿಮ್ಮ ಹೊಸ ಹೊಸ ರಸ್ತಾಕ್ಕ ಗಟಾರದ ಮುಚ್ಚಳ ಹೊಯ್ತೀವಿ ನಾವು."

"ಅದರ ಜೋಡಿ ಇದೂ ಒಂದು ಆಗಲಿ ಕಾಕಾ. ನಮ್ಮತ್ತಿ ಬರೂದರಾಗ ಬೇಕ್ರಿ."

ಮೌನಪ್ಪ ಹೋಳುಗಳನ್ನು ಮೊಣಕಾಲ ಮೇಲೆ ಜೋಡಿಸಿ, ತಿರುವಿ ಹಾಕಿ, ಬೆನ್ನ ಮೇಲೆ ಹೆಬ್ಬೆರಳು ಎಳೆದರು.

"ಯಾರು ಒಡದ್ರು?"

"ನಾನ ಒಡದೀನ್ರಿ."

"ನೀ ಈಗ ಒಡದಿ. ಇದಕ್ಕಿಂತ ಮೊದಲ ಯಾರು?"

ಅವಳಿಗೆ ಅರ್ಥವಾಗಲಿಲ್ಲ. ಅವರು ಅವಳ ಬೆರಳನ್ನೇ ಹಿಡಿದು ಹಂಚಿನ ಬೆನ್ನ ಮೇಲಿಟ್ಟರು. ಅಂಚಿನಿಂದ ಅಂಚಿಗೆ ಕೂದಲೆಳೆಯಷ್ಟು ಉಬ್ಬಿದ ಒಂದು ಗೆರೆ. ಇಷ್ಟು ದಿನ ಕಂಡಿದ್ದರೂ ಕಾರ್ಖಾನೆಯ ಗುರುತೆಂದುಕೊಂಡಿದ್ದಳು.

"ಒಡದ ಹಂಚು ಜೋಡಿಸಿ ಮರಳಿನಾಗ ಒತ್ತಿದ್ರ ಅದ ಅಚ್ಚು. ಅದರಾಗ ಎರಕ ಹೊಯ್ದ್ರ ಹೊಸಾದು ಬರತೈತಿ, ಸೀಳಿದ ಗೆರಿನೂ ಬರತೈತಿ. ದೋಸಿ ಹಾಕೂ ಕಡೆ ಉಜ್ಜಿ ಸಾಫ್ ಮಾಡ್ತಾರ. ಬೆನ್ನು ಯಾರು ನೋಡ್ತಾರ? ನಿಮ್ಮ ಮನ್ಯಾಗ ಯಾರೋ ಒಬ್ಬರು ನಿನಗಿಂತ ಮೊದಲ ಹಿಂಗ ಓಡಿ ಬಂದಾರ ನೋಡು."

ದಾರಿಯುದ್ದಕ್ಕೂ ವಿಜಯಶ್ರೀಗೆ ಅದೇ ಯೋಚನೆ. ಗದಿಗೆಮ್ಮಜ್ಜಿಯೇ? ಅಜ್ಜಿಗೂ ಹಿಂದಿನವರೇ? ಅವರೂ ಹೀಗೆ ಹೋಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿದ್ದರೇ?

ನಾಲ್ಕನೆಯ ದಿನ ಹಂಚು ಸಿದ್ಧವಾಗಿತ್ತು. ಬೂದಿಬಣ್ಣದ ಮೈ, ಬೆನ್ನ ಮೇಲೆ ಒಂದನ್ನೊಂದು ಕತ್ತರಿಸುವ ಎರಡು ಗೆರೆ.

"ಹಿಂದಿಂದೂ ಉಜ್ಜಿಬಿಡ್ಲೇನವ್ವ? ಯಾರಿಗೂ ತಿಳಿಯಂಗಿಲ್ಲ."

ಅವಳು ಹಂಚನ್ನು ಕೈಗೆ ತೆಗೆದುಕೊಂಡಳು. "ಬ್ಯಾಡ್ರಿ ಕಾಕಾ. ಮೊದಲಿನವರು ಬಿಟ್ಟಾರಲ್ಲ."

ಮೌನಪ್ಪ ತಮ್ಮ ಟವೆಲ್ಲಿನ ಅರ್ಧ ಹರಿದು, ಎಣ್ಣೆಯಲ್ಲಿ ಅದ್ದಿ ಹಂಚಿಗೆ ಸುತ್ತಿದರು. ರಸ್ತೆಯವರೆಗೂ ಬಂದು ಆಟೋ ನಿಲ್ಲಿಸಿದರು. ಗುಂಡಿ ಬಂದಾಗ ನಿಧಾನ ಹೋಗೆಂದು ಚಾಲಕನಿಗೆ ತೆಲುಗಿನಲ್ಲಿ ಎರಡು ಸಲ ಹೇಳಿದರು.

ದಿನಾ ಬೆಳಿಗ್ಗೆ ಬೇಗನೆ ಎದ್ದು ಶೇಂಗಾ ಎಣ್ಣೆ ಸವರಿ ಕಾಯಿಸಿದಳು, ಆರಲು ಬಿಟ್ಟು ಒರೆಸಿದಳು, ಮತ್ತೆ ಸವರಿದಳು. ಮೊದಲ ದೋಸೆಗಳು ಚಿಂದಿಚಿಂದಿಯಾದವು. ಅತ್ತೆ ಬರುವ ಹೊತ್ತಿಗೆ ಹಂಚು ಕಂದಾಗಿತ್ತು, ಕಪ್ಪಾಗಿರಲಿಲ್ಲ.

ಶಿವದೇವಿ ಬಂದವರೇ ಕೈಕಾಲು ತೊಳೆದು ಅಡುಗೆಮನೆಗೆ ಹೋಗಿ ಸೀರೆಯ ತುಂಡು ಬಿಚ್ಚಿದರು.

"ಅತ್ತಿ, ನಾನ ಒಡದೆ," ಎಂದಳು ವಿಜಯಶ್ರೀ. ಆಟೋದಲ್ಲಿ ಕೂತು ಜೋಡಿಸಿಟ್ಟುಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. "ಬಿಸಿ ಇದ್ದಾಗ ನೀರು ಹಾಕಿದೆ. ಇದು ಬ್ಯಾರೆ ಹೊಯ್ಸಿದ್ದು."

ಶಿವದೇವಿ ಹಂಚನ್ನು ಮಗುಚಿದರು. ಹಳೆಯ ಗೆರೆಯ ಮೇಲೆ ಹರಿದ ಹೆಬ್ಬೆರಳು ಹೊಸ ಗೆರೆ ಸಿಕ್ಕಲ್ಲಿ ನಿಂತಿತು.

"ನೀ ಗಟ್ಟಿ ಅದಿ," ಎಂದರು. "ಬಂದ ಕೂಡ್ಲೇ ಹೇಳಿಬಿಟ್ಟಿ. ನಾನೂ ಹೇಳಬೇಕಂತ ಹತ್ತು ದಿನ ನಮ್ಮತ್ತಿ ಕಾಲ ಹತ್ರ ಕುಂತಿದ್ದೆ. ಈ ಸಲಾನೂ ಬಾಯಿ ಬರಲಿಲ್ಲ."